ನಾಳೆ ರಜೆಯೇ?

ಜುಲೈ ತಿಂಗಳಲ್ಲಿ ಸಂಜೆ ಆರು ಗಂಟೆ ಕಳೆಯಿತೆಂದರೆ, ಶಾಲೆಗೆ ಹೋಗುವ ಮಕ್ಕಳಿರುವ ಕೊಡಗಿನ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ: ನಾಳೆ ರಜೆಯೇ? ಆ ಹೊತ್ತಿಗೆ ಕರೆಂಟು ಹೋಗಿರುತ್ತದೆ, ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ಒದ್ದೆಯಾದ ಸಮವಸ್ತ್ರ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಿರುತ್ತದೆ. ಅದನ್ನು ರಾತ್ರಿಯೇ ಒಣಗಿಸಬೇಕೋ ನಾಳೆಯವರೆಗೆ ಬಿಡಬಹುದೋ ಎಂಬುದು ಜಿಲ್ಲಾಧಿಕಾರಿಗಳ ಒಂದು ಹಾಳೆಯ ಆದೇಶವನ್ನು ಅವಲಂಬಿಸಿರುತ್ತದೆ. ಕೆಲವೊಮ್ಮೆ ಅದು ಏಳಕ್ಕೇ ಬರುತ್ತದೆ, ಕೆಲವೊಮ್ಮೆ ಬೆಳಿಗ್ಗೆ ಬುತ್ತಿ ಕಟ್ಟಿದ ಮೇಲೆ ಬರುತ್ತದೆ. ಇನ್ನು ಕೆಲವೊಮ್ಮೆ ಹಿಂದಿನ ವರ್ಷದ ಆದೇಶಕ್ಕೆ ಯಾರೋ ತಾರೀಖು ತಿದ್ದಿ ಹರಿಯಬಿಟ್ಟದ್ದು ಮೊದಲು ಬರುತ್ತದೆ, ಅದು ಸುಳ್ಳೆಂಬ ಸ್ಪಷ್ಟನೆ ಆಮೇಲೆ ಬರುತ್ತದೆ. ಸೋಮವಾರಪೇಟೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಮಾಡಿ ನಿವೃತ್ತನಾಗಿರುವ ನನಗೆ ಈಗ ಆ ಆದೇಶದಿಂದ ಆಗಬೇಕಾದದ್ದು ಏನೂ ಇಲ್ಲ. ಆದರೂ ಮಳೆಯ ಸದ್ದು ಜೋರಾದ ಸಂಜೆಗಳಲ್ಲಿ ನಾನು ಅಭ್ಯಾಸಬಲದಿಂದ ಫೋನು ನೋಡುತ್ತೇನೆ.

ಹೀಗೆ ಫೋನು ಹಿಡಿದು ಕುಳಿತಿದ್ದ ಒಂದು ರಾತ್ರಿಯೇ ಮ್ಯೂನಿಕ್ಕಿನಲ್ಲಿರುವ ಅಕ್ಕನ ಮಗನ ಕರೆ ಬಂದಿತು. ಇಲ್ಲಿ ಎಂಟು ಗಂಟೆ, ಅಲ್ಲಿ ಸಂಜೆ ನಾಲ್ಕೂವರೆ. ಅವನ ಒಂಬತ್ತು ವರ್ಷದ ಮಗಳಿಗೆ ಇನ್ನೂ ಶಾಲೆ ನಡೆಯುತ್ತಿತ್ತು. ಬವೇರಿಯಾ ರಾಜ್ಯದಲ್ಲಿ ಬೇಸಿಗೆ ರಜೆ ಆರಂಭವಾಗುವುದೇ ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ. ಆಗಸ್ಟಿನಲ್ಲಿ ಊರಿಗೆ ಬರಲು ವಿಮಾನದ ಟಿಕೆಟ್ಟನ್ನು ಹಿಂದಿನ ವರ್ಷವೇ ತೆಗೆದಿಟ್ಟಿದ್ದರು. ನಾನು ಮಾತಿನ ನಡುವೆ, ಸ್ವಲ್ಪ ತಾಳು, ಪಕ್ಕದ ಮನೆಯ ಮಕ್ಕಳಿಗೆ ನಾಳೆ ರಜೆಯೋ ಏನೋ ನೋಡಿ ಹೇಳಬೇಕು ಎಂದೆ. ಆ ಹುಡುಗಿ ಫೋನಿಗೆ ಮುಖವೊಡ್ಡಿ, "ಅಜ್ಜ, ನಾಳೆ ರಜೆ ಅಂತ ನಿಮಗೆ ಇವತ್ತು ಹೇಳ್ತಾರಾ? ಹಾಗಾದ್ರೆ ಎಲ್ಲಿಗಾದ್ರೂ ಹೋಗೋದು ಹೇಗೆ?" ಎಂದು ಕೇಳಿದಳು. ಮಳೆ ರಜೆಯಲ್ಲಿ ಎಲ್ಲಿಗೂ ಹೋಗುವುದಿಲ್ಲ ಮಗಳೇ, ಹೋಗಲಾಗದು ಎಂದೇ ರಜೆ ಕೊಡುವುದು ಎಂದೆ. ಅವಳಿಗೆ ಅದು ರಜೆ ಎನಿಸಲಿಲ್ಲ. ಫೋನು ಇಟ್ಟ ಮೇಲೆ ನನಗೂ ಅನುಮಾನ ಬಂದಿತು.

ಗೊತ್ತಿರುವ ರಜೆ

ದೇಶದಿಂದ ದೇಶಕ್ಕೆ ಶಾಲಾ ವರ್ಷ ಎಷ್ಟು ಬೇರೆಯೆಂದು ಕೇಳಿದರೆ ಸಾಮಾನ್ಯವಾಗಿ ದಿನಗಳ ಲೆಕ್ಕವನ್ನೇ ಹೇಳುತ್ತಾರೆ. ಆ ಲೆಕ್ಕದಲ್ಲಿ ನನಗೆ ಕುತೂಹಲ ಹುಟ್ಟಿಸುವಂಥದ್ದು ಹೆಚ್ಚೇನೂ ಇಲ್ಲ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಇಂಗ್ಲೆಂಡಿನಲ್ಲಿ ಮಕ್ಕಳಿಗೆ 190 ದಿನ, ಫಿನ್ಲೆಂಡಿನಲ್ಲಿಯೂ ಸುಮಾರು ಅಷ್ಟೇ, ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 180ರ ಆಸುಪಾಸು, ಫ್ರಾನ್ಸಿನಲ್ಲಿ 36 ವಾರ. ಎಲ್ಲ ಕಡೆಯೂ ಮಗು ವರ್ಷದ ಅರ್ಧದ ಆಸುಪಾಸು ದಿನ ಬೆಂಚಿನ ಮೇಲಿರುತ್ತದೆ, ಉಳಿದಂತೆ ಮನೆಯಲ್ಲಿರುತ್ತದೆ. ನಿಜವಾದ ವ್ಯತ್ಯಾಸವಿರುವುದು ಆ ಉಳಿದ ದಿನಗಳು ಯಾವುವೆಂದು ಯಾರು ತೀರ್ಮಾನಿಸುತ್ತಾರೆ, ಎಷ್ಟು ಮುಂಚೆ ತಿಳಿಸುತ್ತಾರೆ ಎಂಬುದರಲ್ಲಿ.

ಜರ್ಮನಿಯಲ್ಲಿ 16 ರಾಜ್ಯಗಳಿವೆ. ಅಷ್ಟೂ ರಾಜ್ಯಗಳ ಶಿಕ್ಷಣ ಸಚಿವರು ಸೇರಿ ಬೇಸಿಗೆ ರಜೆಯ ತಾರೀಖುಗಳನ್ನು 2030ರವರೆಗೆ ಈಗಾಗಲೇ ಗೊತ್ತುಮಾಡಿಟ್ಟಿದ್ದಾರೆ. ಎಲ್ಲರಿಗೂ ಒಂದೇ ದಿನ ರಜೆ ಸಿಕ್ಕಿದರೆ ಹೆದ್ದಾರಿಗಳು ಕಟ್ಟಿಕೊಳ್ಳುತ್ತವೆ, ಪ್ರವಾಸಿ ಊರುಗಳಲ್ಲಿ ಜಾಗವಿರುವುದಿಲ್ಲ ಎಂದು ಹೆಚ್ಚಿನ ರಾಜ್ಯಗಳು ವರ್ಷಕ್ಕೊಮ್ಮೆ ಸರದಿ ಬದಲಿಸುತ್ತವೆ. ಬವೇರಿಯಾ ಮತ್ತು ಅದರ ನೆರೆಯ ಬಾಡೆನ್-ವುರ್ಟೆಂಬೆರ್ಗ್ ಮಾತ್ರ ಈ ಸರದಿಗೆ ಸೇರದೆ ಯಾವಾಗಲೂ ಕೊನೆಯಲ್ಲಿ ರಜೆ ತೆಗೆದುಕೊಳ್ಳುತ್ತವೆ. ಫ್ರಾನ್ಸಿನಲ್ಲಿ ದೇಶವನ್ನೇ ಎ, ಬಿ, ಸಿ ಎಂದು ಮೂರು ವಲಯ ಮಾಡಿ ಚಳಿಗಾಲದ ಮತ್ತು ವಸಂತದ ರಜೆಗಳನ್ನು ಹಿಂದೆ ಮುಂದೆ ಮಾಡುತ್ತಾರೆ. ಅಲ್ಲಿಯ ಪೋಷಕರಿಗೆ ತಮ್ಮ ಮಗುವಿನ ರಜೆ ಯಾವಾಗ ಎಂಬುದು ಮದುವೆಯ ಮುಹೂರ್ತದಷ್ಟು ಖಚಿತವಾಗಿ ಗೊತ್ತಿರುತ್ತದೆ.

ನಮ್ಮಲ್ಲೂ ಗೊತ್ತಿರುವ ರಜೆಗಳಿಲ್ಲವೆಂದಲ್ಲ. ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ ಓದಿ ಬಾಗಿಲು ಹಾಕಿದರೆ ಮೇ ಕೊನೆಯವರೆಗೆ ಬೇಸಿಗೆ ರಜೆ. ಅಕ್ಟೋಬರಿನಲ್ಲಿ ದಸರಾ. ಕೊಡಗಿಗೆ ಮಾತ್ರವೇ ಸರ್ಕಾರ ಕೊಡುವ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ರಜೆಗಳೂ ಇವೆ, ಅವುಗಳ ಬಗ್ಗೆ ನಮಗೆ ಸ್ವಲ್ಪ ಹೆಮ್ಮೆಯೂ ಇದೆ. ಈ ಪಟ್ಟಿಯಲ್ಲಿ ಇಲ್ಲದಿರುವುದು ಮಳೆ ರಜೆ ಒಂದೇ. ಪ್ರತಿ ವರ್ಷ ತಪ್ಪದೆ ಬರುವುದೂ ಅದೇ, ಆದರೆ ಪ್ರತಿ ವರ್ಷವೂ ಅದನ್ನು ಹಿಂದೆಂದೂ ಕಂಡಿರದ ಅತಿಥಿಯಂತೆ ಬಾಗಿಲಲ್ಲಿ ನಿಲ್ಲಿಸಿ ಮಾತನಾಡಿಸುತ್ತೇವೆ.

ಯಾರ ಸೆಕೆ, ಯಾರ ಬೆಳೆ

ಶಾಲಾ ವರ್ಷವೆಂಬುದು ಎಲ್ಲಿಯೂ ಮಕ್ಕಳನ್ನು ಕೇಳಿ ಮಾಡಿದ್ದಲ್ಲ. ಅದು ಯಾವುದೋ ಒಂದು ಕಾಲದ ಹವೆ, ಬೆಳೆ, ಇಲ್ಲವೇ ಖಜಾನೆಯ ಲೆಕ್ಕ. ಜಪಾನಿನಲ್ಲಿ ಶಾಲೆ ಏಪ್ರಿಲಿನಲ್ಲಿ ಆರಂಭವಾಗುವುದನ್ನು ಚೆರ್ರಿ ಹೂವಿನೊಂದಿಗೆ ಸೇರಿಸಿ ಬಹಳ ಸೊಗಸಾಗಿ ವರ್ಣಿಸುತ್ತಾರೆ. ಮೂಲದಲ್ಲಿ ಅದು 1886ರಲ್ಲಿ ಸರ್ಕಾರದ ಹಣಕಾಸು ವರ್ಷ ಏಪ್ರಿಲಿಗೆ ಬಂದದ್ದರ ಪರಿಣಾಮ. ಹೀಗಾಗಿ ಅಲ್ಲಿಯ ಬೇಸಿಗೆ ರಜೆ ವರ್ಷದ ನಡುವೆ ಬೀಳುತ್ತದೆ, ಮಕ್ಕಳು ರಜೆಯುದ್ದಕ್ಕೂ ದಿನಚರಿಯನ್ನೋ ಮನೆಗೆಲಸವನ್ನೋ ಹೊತ್ತುಕೊಂಡೇ ಇರುತ್ತಾರೆ. ನಮ್ಮ ಮಕ್ಕಳ ಬೇಸಿಗೆ ರಜೆ ಎರಡು ತರಗತಿಗಳ ನಡುವಿನದು. ಮೂರನ್ನು ಮುಗಿಸಿ ನಾಲ್ಕನ್ನು ಇನ್ನೂ ಸೇರದ, ಯಾವ ಮೇಷ್ಟರಿಗೂ ಲೆಕ್ಕ ಕೊಡಬೇಕಿಲ್ಲದ ಆ ಏಳು ವಾರಗಳಂತಹ ಸ್ವಾತಂತ್ರ್ಯ ಬೇರೆ ಕಡೆಯ ಮಕ್ಕಳಿಗೆ ಸಿಗುತ್ತದೆಯೋ ಇಲ್ಲವೋ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಸ್ಕಾಟ್ಲೆಂಡಿನ ಅಕ್ಟೋಬರ್ ರಜೆಗೆ ಹಳಬರು ಇಂದಿಗೂ ಆಲೂಗಡ್ಡೆ ರಜೆ ಎನ್ನುತ್ತಾರೆ. ಗೆಡ್ಡೆ ಅಗೆಯುವ ಕಾಲದಲ್ಲಿ ಮಕ್ಕಳ ಕೈ ಬೇಕಾಗುತ್ತಿತ್ತೆಂದು ಶಾಲೆಯೇ ಬಾಗಿಲು ಹಾಕುತ್ತಿತ್ತು. ಫಿನ್ಲೆಂಡಿನಲ್ಲೂ ಶರತ್ಕಾಲದ ರಜೆಗೆ ಇದೇ ಹೆಸರಿತ್ತು. ಈಗ ಮಕ್ಕಳು ಆಲೂಗಡ್ಡೆ ಅಗೆಯುವುದಿಲ್ಲ, ರಜೆ ಮಾತ್ರ ಉಳಿದುಕೊಂಡಿದೆ. ಅಮೆರಿಕದ ಉದ್ದನೆಯ ಬೇಸಿಗೆ ರಜೆಗೂ ಹೊಲದ ಕೆಲಸವೇ ಕಾರಣವೆಂದು ಅಲ್ಲಿಯವರೇ ಹೇಳುವುದುಂಟು, ಆದರೆ ಆ ಮಾತು ನಿಲ್ಲುವುದಿಲ್ಲ. ಬೇಸಾಯಕ್ಕೆ ಕೈ ಬೇಕಾದದ್ದು ಬಿತ್ತನೆಯ ವಸಂತದಲ್ಲಿ ಮತ್ತು ಕೊಯ್ಲಿನ ಶರತ್ತಿನಲ್ಲಿ. ಹಾಗಾಗಿ 19ನೇ ಶತಮಾನದ ಹಳ್ಳಿ ಶಾಲೆಗಳು ಚಳಿಗಾಲದಲ್ಲೂ ಬೇಸಿಗೆಯಲ್ಲೂ ನಡೆಯುತ್ತಿದ್ದವು. ಬೇಸಿಗೆಯಲ್ಲಿ ಬಾಗಿಲು ಹಾಕುವುದು ಬೆಳೆದದ್ದು ಸೆಕೆಗೆ ಬೆಂದ ನಗರಗಳಿಂದ, ಅನುಕೂಲಸ್ಥರು ಊರು ಬಿಟ್ಟು ತಂಪಿಗೆ ಹೋಗುತ್ತಿದ್ದ ರೂಢಿಯಿಂದ.

ಇದನ್ನು ತಿಳಿದಾಗ ನನಗೆ ನಗು ಬಂದಿತು, ಏಕೆಂದರೆ ನಮ್ಮ ಏಪ್ರಿಲ್-ಮೇ ರಜೆಯೂ ಬೇರೆಯವರ ಸೆಕೆಗಾಗಿ ಮಾಡಿದ್ದೇ. ರಾಯಚೂರು, ಕಲಬುರಗಿಯ ಮಗುವಿಗೆ ಆ ರಜೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುತ್ತಾರೆ. ಆದರೆ ಅದೇ ಏಪ್ರಿಲಿನಲ್ಲಿ ನಮ್ಮಲ್ಲಿ ಹೂಮಳೆ ಬಿದ್ದು, ಕಾಫಿ ತೋಟ ಬೆಳ್ಳಗಾಗಿ, ಬೆಳಿಗ್ಗೆ ತೆಳುವಾಗಿ ಒಂದು ಹೊದಿಕೆ ಬೇಕೆನಿಸುತ್ತಿರುತ್ತದೆ. ಪಾಠಕ್ಕೆ ಅದಕ್ಕಿಂತ ಒಳ್ಳೆಯ ಹವೆ ವರ್ಷದಲ್ಲಿ ಇನ್ನೊಂದಿಲ್ಲ, ಆಗ ಶಾಲೆಗೆ ಬೀಗ. ಆಕಾಶವೇ ಕಳಚಿ ಬೀಳುವ ಜುಲೈಯಲ್ಲಿ ಶಾಲೆ ತೆರೆದಿರುತ್ತದೆ. ಸೆಕೆಗೆ ಬಾಗುವ ಗಡಿಯಾರ ಮಳೆಗೂ ಏಕೆ ಬಾಗಬಾರದೆಂದು ನಾನು ಒಂದು ತರಬೇತಿಯಲ್ಲಿ ಕೇಳಿದ್ದೆ. ನಿಮ್ಮದು ಒಂದು ಜಿಲ್ಲೆ ಮೇಷ್ಟ್ರೇ ಎಂಬ ಉತ್ತರ ಬಂದಿತು. ಹಿಮಾಚಲ ಪ್ರದೇಶದಲ್ಲಿ ಬೇಸಿಗೆ ರಜೆಯ ಶಾಲೆಗಳು, ಚಳಿಗಾಲದ ರಜೆಯ ಶಾಲೆಗಳು ಎಂದು ಒಂದೇ ರಾಜ್ಯದೊಳಗೆ ಎರಡು ಬಗೆ ಇವೆ. ಪಕ್ಕದ ಕೇರಳದಲ್ಲಿ 2025ರಲ್ಲಿ ಶಿಕ್ಷಣ ಸಚಿವರೇ, ರಜೆಯನ್ನು ಏಪ್ರಿಲ್-ಮೇಯಿಂದ ಜೂನ್-ಜುಲೈಗೆ ಸರಿಸಬಹುದೇ ಎಂದು ಜನರ ಅಭಿಪ್ರಾಯ ಕೇಳಿದರು. ಕೇಳಿದ್ದೇ ದೊಡ್ಡ ಸಂಗತಿ ಎಂದು ನನಗನಿಸಿತು.

ಕೊಯ್ಲಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮೊದಲು ಅರೇಬಿಕಾ ಆಮೇಲೆ ರೋಬಸ್ಟಾ ಹಣ್ಣಾಗುವ ತಿಂಗಳುಗಳಲ್ಲಿ, ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಮಕ್ಕಳ ಹಾಜರಿ ಸಡಿಲವಾಗುತ್ತದೆ. ಮಕ್ಕಳು ತೋಟದಲ್ಲಿ ಕೆಲಸ ಮಾಡುತ್ತಾರೆಂದು ಯಾರೂ ಹೇಳುವುದಿಲ್ಲ, ಹೇಳಬೇಕಾದಂತಹ ಪರಿಸ್ಥಿತಿ ಬರಲೂಬಾರದು. ಅಪ್ಪ ಅಮ್ಮ ಇಬ್ಬರೂ ಕೊಯ್ಲಿಗೆ ಹೋದಾಗ ಪುಟ್ಟ ತಂಗಿಯನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕ ಬೇಕಾಗುತ್ತಾಳೆ, ಅಷ್ಟೇ. ಆಲೂಗಡ್ಡೆ ರಜೆಯಂತಹ ಕಾಫಿ ರಜೆ ಬೇಕೆಂದು ನಾನು ವಾದಿಸುತ್ತಿಲ್ಲ. ಸ್ಕಾಟ್ಲೆಂಡಿನ ಶಾಲೆ ಬೆಳೆಯನ್ನು ಒಪ್ಪಿಕೊಂಡು ಬಾಗಿಲು ಹಾಕಿತು, ನಮ್ಮ ಶಾಲೆ ಬಾಗಿಲು ತೆರೆದಿಟ್ಟು ಗೈರುಹಾಜರಿ ಬರೆಯಿತು. ಎರಡರಲ್ಲೂ ಬೆಂಚು ಖಾಲಿಯೇ, ತಪ್ಪು ಯಾರ ಹೆಸರಿಗೆ ಬರೆದಿದೆ ಎಂಬುದಷ್ಟೇ ಬೇರೆ.

ನಾಲ್ಕು ಇಪ್ಪತ್ತರ ಗಂಟೆ

ವರ್ಷದ ಮಾತು ಹೀಗಾದರೆ, ದಿನದ ಮಾತು ಇನ್ನೂ ಸ್ವಾರಸ್ಯದ್ದು. ಮ್ಯೂನಿಕ್ಕಿನ ಆ ಹುಡುಗಿ ಬೆಳಿಗ್ಗೆ ಎಂಟಕ್ಕೆ ತರಗತಿಯಲ್ಲಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯಿಂದ ಹೊರಬೀಳುತ್ತಾಳೆ. ಬಹುಕಾಲ ಅಲ್ಲಿ ಅದೇ ಕ್ರಮ, ಅಂದರೆ ತಾಯಿ ಮನೆಯಲ್ಲಿ ಅಡಿಗೆ ಮಾಡಿ ಕಾಯುತ್ತಿರುತ್ತಾಳೆಂದು ಶಾಲೆಯೇ ಊಹಿಸಿಕೊಂಡಂತೆ. ತಾಯಂದಿರು ಕೆಲಸಕ್ಕೆ ಹೊರಟ ಮೇಲೆ ಆ ಊಹೆ ಮುರಿಯಿತು. 2021ರಲ್ಲಿ ಆದ ಕಾನೂನು 2026ರ ಆಗಸ್ಟಿನಿಂದ, ಒಂದನೇ ತರಗತಿಯಿಂದ ಮೊದಲ್ಗೊಂಡು ವರ್ಷಕ್ಕೊಂದು ತರಗತಿಯಂತೆ, ಇಡೀ ದಿನದ ಪಾಲನೆಯನ್ನು ಮಕ್ಕಳ ಹಕ್ಕನ್ನಾಗಿ ಮಾಡುತ್ತದೆ. ಫ್ರಾನ್ಸಿನಲ್ಲಿ ವಾರದ ನಡುವೆ ಒಂದು ದಿನ ಬಿಡುವಿರುವುದು 1882ರ ಕಾನೂನಿನ ಬಳುವಳಿ. ಶಾಲೆಯಿಂದ ಧರ್ಮಪಾಠವನ್ನು ಹೊರಗಿಟ್ಟು, ಬೇಕಾದವರು ಹೊರಗೆ ಕಲಿಯಲೆಂದು ಒಂದು ದಿನ ಬಿಟ್ಟರು. ಮೊದಲು ಗುರುವಾರವಿದ್ದದ್ದು 1972ರಲ್ಲಿ ಬುಧವಾರಕ್ಕೆ ಬಂದಿತು. ಫಿನ್ಲೆಂಡಿನಲ್ಲಿ ಏಳನೇ ವಯಸ್ಸಿಗೆ ಒಂದನೇ ತರಗತಿ, ಸಾಮಾನ್ಯವಾಗಿ 45 ನಿಮಿಷ ಪಾಠವಾದರೆ 15 ನಿಮಿಷ ಹೊರಗೆ ಆಟ. ಹಿಮವಿದ್ದರೂ ಮಕ್ಕಳನ್ನು ಹೊರಗೇ ಕಳಿಸುತ್ತಾರೆ. ಮಧ್ಯಾಹ್ನದ ಊಟ ಅಲ್ಲಿ 1948ರಿಂದಲೂ ಎಲ್ಲರಿಗೂ ಉಚಿತ. ಜಪಾನಿನಲ್ಲಿ ಊಟ ತರಗತಿಯಲ್ಲೇ, ಬಡಿಸುವವರೂ ಮಕ್ಕಳೇ, ಆಮೇಲೆ ನೆಲ ಒರೆಸುವವರೂ ಮಕ್ಕಳೇ.

ನಮ್ಮ ಸರ್ಕಾರಿ ಶಾಲೆಯ ದಿನ ಹತ್ತು ಗಂಟೆಗೆ ಪ್ರಾರ್ಥನೆಯಿಂದ ಆರಂಭವಾಗಿ ನಾಲ್ಕು ಇಪ್ಪತ್ತಕ್ಕೆ ಮುಗಿಯುತ್ತದೆ. ಬಯಲುಸೀಮೆಯಲ್ಲಿ ನಾಲ್ಕು ಇಪ್ಪತ್ತೆಂದರೆ ಹೊಳೆಯುವ ಬಿಸಿಲು. ನಮ್ಮ ತಾಲ್ಲೂಕಿನ ಶಾಂತಳ್ಳಿಯ ಕಡೆ ಜುಲೈಯಲ್ಲಿ ನಾಲ್ಕು ಇಪ್ಪತ್ತೆಂದರೆ ತರಗತಿಯ ಹಿಂದಿನ ಸಾಲಿನಲ್ಲಿ ಅಕ್ಷರ ಕಾಣದಷ್ಟು ಕತ್ತಲೆ. ಅಲ್ಲಿಂದ ಮೂರು ನಾಲ್ಕು ಕಿಲೋಮೀಟರ್ ನಡೆಯುವ ಮಕ್ಕಳು ತೋಡು ದಾಟಿ, ಆನೆ ಇಳಿಯುವ ದಾರಿ ತಪ್ಪಿಸಿ ಮನೆ ಸೇರುವಾಗ ದೀಪ ಹಚ್ಚಿರುತ್ತಾರೆ. ಶನಿವಾರದ ಬೆಳಗಿನ ತರಗತಿಯದು ಇದಕ್ಕೆ ವಿರುದ್ಧವಾದ ಕಷ್ಟ. ಮಂಜು ಬಿಡುವ ಮುಂಚೆ ಮನೆ ಬಿಡಬೇಕು. ಮಳೆಗಾಲದಲ್ಲಿ ಮೂರೂವರೆಗೇ ಬಿಟ್ಟು ಬೇಸಿಗೆಯಲ್ಲಿ ಆ ಹೊತ್ತನ್ನು ಸೇರಿಸಿಕೊಂಡರೆ ಯಾರಿಗೂ ನಷ್ಟವಿರಲಿಲ್ಲ. ನಾವು ಕೆಲವರು ಹಾಗೆ ಬಿಟ್ಟದ್ದೂ ಉಂಟು, ಬಿಟ್ಟದ್ದನ್ನು ಎಲ್ಲಿಯೂ ಬರೆಯದೆ ಇದ್ದದ್ದೂ ಉಂಟು.

ಜರ್ಮನಿಯಲ್ಲಿ ಸೆಕೆ ರಜೆ ಎಂಬುದೊಂದಿದೆ. ತರಗತಿಯಲ್ಲಿ ಕೂರಲಾಗದಷ್ಟು ಸೆಕೆಯಾದರೆ ಆ ದಿನ ಮಕ್ಕಳನ್ನು ಬೇಗ ಬಿಡಬಹುದು, ಮತ್ತು ಬಹುತೇಕ ಕಡೆ ಅದನ್ನು ತೀರ್ಮಾನಿಸುವವರು ಆಯಾ ಶಾಲೆಯ ಮುಖ್ಯ ಶಿಕ್ಷಕರು. ಇದನ್ನು ಕೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ಶಾಂತಳ್ಳಿಯಲ್ಲಿ ಕೊಡೆ ಹಿಡಿದರೆ ಕೊಡೆಯೇ ಹಾರುವ ದಿನ ಕುಶಾಲನಗರದಲ್ಲಿ ಬಟ್ಟೆ ಒಣಗುವಷ್ಟು ಬಿಸಿಲಿರಬಹುದು. ಆದೇಶ ಇಡೀ ಜಿಲ್ಲೆಗಾದರೆ ಅಲ್ಲಿಯ ಮಕ್ಕಳು ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಾರೆ. ಆದೇಶ ಬಾರದಿದ್ದರೆ ಇಲ್ಲಿಯ ಮಕ್ಕಳು ನೆನೆದು ಬರುತ್ತಾರೆ. ಹಾಗೆಂದು ಮಳೆ ರಜೆಯನ್ನು ಹಗುರಾಗಿ ನೋಡುವ ಧೈರ್ಯ 2018ರ ಆಗಸ್ಟಿನ ನಂತರ ನಮ್ಮಲ್ಲಿ ಯಾರಿಗೂ ಉಳಿದಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಆ ದಿನಗಳಲ್ಲಿ ಶಾಲೆಗಳೇ ಪರಿಹಾರ ಕೇಂದ್ರಗಳಾಗಿದ್ದವು, ಮಕ್ಕಳು ತಾವು ಪಾಠ ಕೇಳುವ ಕೋಣೆಗಳಲ್ಲಿ ಅಪ್ಪ ಅಮ್ಮನ ಜೊತೆ ಚಾಪೆ ಹಾಸಿ ಮಲಗಿದ್ದರು. ಅದಾದ ಮೇಲೆ ಅಧಿಕಾರಿಗಳು ಬೇಗ ರಜೆ ಕೊಡುತ್ತಾರೆ, ಕೊಡಲಿ.

ಕೆಂಪು ಶಾಯಿ

ಮಳೆ ರಜೆಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ನೆನಪಾಗುವ ಒಂದು ಬೆಳಿಗ್ಗೆ ಇದೆ. ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದಿದ್ದ ಕಾಲ. ರಜೆಯ ಸುದ್ದಿ ಮಡಿಕೇರಿ ಆಕಾಶವಾಣಿಯಲ್ಲಿ ಬರುತ್ತಿತ್ತು, ರೇಡಿಯೋಕ್ಕೆ ಸೆಲ್ ಇದ್ದವರಿಗೆ ತಿಳಿಯುತ್ತಿತ್ತು. ಆ ದಿನ ನನ್ನ ರೇಡಿಯೋ ಕೈಕೊಟ್ಟಿತ್ತು. ಬಸ್ಸಿಳಿದು ಒಂದೂವರೆ ಕಿಲೋಮೀಟರ್ ಏರಿ ಶಾಲೆ ತಲುಪಿದರೆ ಜಗಲಿಯ ಮೇಲೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದು ನಿಂತಿದ್ದಳು. ತೋಟವೊಂದರ ಲೈನ್ ಮನೆಯಿಂದ ಒಬ್ಬಳೇ ನಡೆದು ಬಂದಿದ್ದಳು. ದಾರಿಯಲ್ಲಿ ಯಾರೋ ನನಗೆ ರಜೆಯೆಂದು ಹೇಳಿದ್ದರು, ಅವಳಿಗೆ ಹೇಳುವವರು ಯಾರೂ ಸಿಕ್ಕಿರಲಿಲ್ಲ. "ರಜೆಯಂತೆ ಕಣಮ್ಮ" ಎಂದೆ. ಅವಳು ಕಾಲಿಗೆ ಹತ್ತಿದ್ದ ಜಿಗಣೆಯನ್ನು ಉಗುರಿನಿಂದ ಎಬ್ಬಿಸುತ್ತಾ, "ಊಟ ಇಲ್ವಾ ಸಾರ್?" ಎಂದಳು.

ಆ ಮಳೆಯಲ್ಲಿ ಅವಳನ್ನು ಕೂಡಲೇ ಹಿಂದಕ್ಕೆ ಕಳಿಸುವಂತಿರಲಿಲ್ಲ. ಅಡಿಗೆಯವರು ಬಂದಿರಲಿಲ್ಲ, ಬೀಗದ ಕೈ ನನ್ನ ಬಳಿಯಿತ್ತು. ಬಿಸಿಯೂಟದ ಕೋಣೆಯಲ್ಲಿ ಒಂದು ಪಾವು ಅಕ್ಕಿ ತೆಗೆದು ಗಂಜಿ ಬೇಯಿಸಿದೆ, ಉಪ್ಪು ಹಾಕಿ ಇಬ್ಬರೂ ಕುಡಿದೆವು. ಆಮೇಲೆ ಅವಳು ಒಲೆಯ ಮುಂದೆ ಪಾವಡೆ ಒಣಗಿಸುತ್ತಾ ಕನ್ನಡ ಪುಸ್ತಕದ ಒಂದು ಪಾಠವನ್ನು ಪೂರ್ತಿ ಗಟ್ಟಿಯಾಗಿ ಓದಿದಳು. ನಲವತ್ತು ಮಕ್ಕಳ ನಡುವೆ ಅವಳ ದನಿಯನ್ನು ನಾನು ಅದುವರೆಗೆ ಸರಿಯಾಗಿ ಕೇಳಿಯೇ ಇರಲಿಲ್ಲ. ಒತ್ತಕ್ಷರದ ಮುಂದೆ ಒಂದು ಕ್ಷಣ ನಿಂತು, ತೋಡು ದಾಟುವವರಂತೆ ನೋಡಿಕೊಂಡು, ಆಮೇಲೆ ಹಾರುತ್ತಿದ್ದಳು. ಹನ್ನೆರಡರ ಹೊತ್ತಿಗೆ ಮಳೆ ಸ್ವಲ್ಪ ಬಿಟ್ಟಾಗ ತೋಟದ ಗೇಟಿನವರೆಗೂ ಜೊತೆಗೆ ಹೋಗಿ ಬಿಟ್ಟು ಬಂದೆ.

ಮಳೆಗಾಲದಲ್ಲಿ ರಜೆ ಇರಬೇಕು ಎಂಬ ನನ್ನ ವಾದ ಆ ಹುಡುಗಿಯ ಪ್ರಶ್ನೆಯ ಮುಂದೆ ಇಂದಿಗೂ ತಡವರಿಸುತ್ತದೆ. ಜುಲೈ ಎಂದರೆ ತೋಟದಲ್ಲಿ ಕೆಲಸ ಕಡಿಮೆ, ಕೂಲಿ ಕಡಿಮೆ. ಲೈನ್ ಮನೆಯ ಮಗುವಿಗೆ ಮಧ್ಯಾಹ್ನದ ಊಟ ಅತಿ ಅಗತ್ಯವಾಗಿರುವ ತಿಂಗಳೂ ಅದೇ. ಏಪ್ರಿಲ್-ಮೇ ರಜೆಯನ್ನು ಬಿಟ್ಟುಕೊಡುವುದೂ ಸುಲಭವಲ್ಲ. ಮೈಸೂರು, ಬೆಂಗಳೂರಿನ ಮೊಮ್ಮಕ್ಕಳು ಅಜ್ಜಿ ಮನೆಗೆ ಬರುವುದು ಆಗ, ಊರಹಬ್ಬಗಳು ಆಗ, 1997ರಿಂದ ನಡೆದುಬಂದ ಕೊಡವ ಕುಟುಂಬಗಳ ಹಾಕಿ ಉತ್ಸವವೂ ಆಗ. ಒಂದು ಜಿಲ್ಲೆಯ ಮಕ್ಕಳಿಗೆ ಮಾತ್ರ ಬೇರೆ ಕಾಲದಲ್ಲಿ ರಜೆ ಕೊಟ್ಟರೆ ಅವರು ಆಡುವುದು ಯಾರ ಜೊತೆ? ಹಾಗಾಗಿ ಇಡೀ ರಜೆಯನ್ನು ಎತ್ತಿ ಮಳೆಗಾಲಕ್ಕೆ ಇಡಿ ಎಂದು ನಾನು ಈಗ ಹೇಳುವುದಿಲ್ಲ. ಅಮೆರಿಕದ ಹಿಮ ಬೀಳುವ ಊರುಗಳಲ್ಲಿ ಹಲವು ಕಡೆ ವರ್ಷದ ಪಟ್ಟಿಯಲ್ಲೇ ಕೆಲವು ದಿನಗಳನ್ನು ಹಿಮದ ಹೆಸರಿಗೆ ಎತ್ತಿಡುತ್ತಾರೆ. ಬಳಸದೆ ಉಳಿದರೆ ವಸಂತದಲ್ಲಿ ಮಕ್ಕಳಿಗೆ ಹಿಂದಿರುಗಿಸುವವರೂ ಉಂಟು. ನಮ್ಮ ಪಟ್ಟಿಯಲ್ಲೂ ಜೂನಿನಲ್ಲೇ ಹತ್ತು ದಿನಗಳನ್ನು ಮಳೆಯ ಹೆಸರಿಗೆ ಬರೆದಿಡಬಹುದು. ಅವುಗಳಲ್ಲಿ ಕೆಲವನ್ನಾದರೂ ಶಾಂತಳ್ಳಿಯ ಮುಖ್ಯ ಶಿಕ್ಷಕರ ಕೈಗೆ ಕೊಡಬಹುದು. ರಜೆಯಾದರೂ ಹತ್ತಿರದ ಅಂಗನವಾಡಿಯಲ್ಲೋ ತೋಟದಲ್ಲೋ ಊಟ ಸಿಗುವಂತೆ ಮಾಡಬಹುದು. ಇಷ್ಟನ್ನು ಮಾಡಲು ಫಿನ್ಲೆಂಡ್ ಆಗಬೇಕಿಲ್ಲ.

ಈಗ ಆಗುತ್ತಿರುವುದೆಂದರೆ, ಕಳೆದ ದಿನಗಳನ್ನು ಶನಿವಾರ ಪೂರ್ತಿ ತರಗತಿ ನಡೆಸಿ, ಭಾನುವಾರ ಶಾಲೆ ತೆರೆದು ಸರಿದೂಗಿಸಬೇಕು. ಆ ವರ್ಷವೂ ಹಾಗೆಯೇ ಆಯಿತು. ಗಂಜಿ ಕುಡಿದ ದಿನದ ಕಂಬದಲ್ಲಿ ನಾನು ಹಾಜರಿ ಪುಸ್ತಕದ ಮೇಲಿನಿಂದ ಕೆಳಗಿನವರೆಗೆ ಕೆಂಪು ಶಾಯಿಯಲ್ಲಿ ಮಳೆ ರಜೆ ಎಂದು ಬರೆದಿದ್ದೆ. ಆ ಹುಡುಗಿಯ ಹೆಸರಿನ ಮುಂದೆ ಹಾಜರಿಯ ಗೆರೆ ಎಳೆಯಲು ಜಾಗವಿರಲಿಲ್ಲ, ಅವಳ ಸಾಲಿಗೆ ಬಂದದ್ದು ರಜೆ ಎಂಬ ಪದದ ಅರ್ಧ ಅಕ್ಷರ. ಸೆಪ್ಟೆಂಬರಿನ ಒಂದು ಭಾನುವಾರ ಅದಕ್ಕೆ ಪರಿಹಾರದ ತರಗತಿ ನಡೆಸಿದೆವು. ಆ ದಿನ ಬಿಸಿಲಿತ್ತು. ಅವಳು ಬರಲಿಲ್ಲ, ತಮ್ಮನಿಗೆ ಜ್ವರವಂತೆ, ಮನೆಯಲ್ಲಿ ಉಳಿದಿದ್ದಾಳೆ ಎಂದು ಜೊತೆಯ ಮಕ್ಕಳು ಹೇಳಿದರು. ಹೆಸರು ಕರೆಯುತ್ತಾ ಅವಳ ಸಾಲಿಗೆ ಬಂದಾಗ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ಆಮೇಲೆ ಹಾಜರಿ ಹಾಕಿ ಮುಂದಿನ ಹೆಸರು ಕರೆದೆ.